ಮುಗಿಲಿಗೇರಿದ ಕರುಳು

ಫ್ರೀಡ್ರಿಕ್ಸ್‌ಹಾಫೆನ್ನಿನ ಕಟುಕ ಗೆಬ್‌ಹಾರ್ಡನಿಗೆ ಮೊದಲ ಮಹಾಯುದ್ಧ ಬಂದಮೇಲೆ ಬಾಯಿ ಬಂತು. ಅದಕ್ಕೂ ಮುಂಚೆ ಮಾಂಸ ತೂಗಿ, ಕಾಗದ ಸುತ್ತಿ ಕೊಟ್ಟು ಸುಮ್ಮನಾಗುತ್ತಿದ್ದ ಮನುಷ್ಯ. ಸರೋವರದ ದಡದಲ್ಲಿ ಕಟ್ಟುತ್ತಿದ್ದ ಯುದ್ಧದ ವಾಯುನೌಕೆಗಳನ್ನು ಮೇಲೆತ್ತುವ ಅನಿಲಚೀಲಕ್ಕೆ ದನದ ಕರುಳಿನ ಪೊರೆಯೇ ಆಗಬೇಕು. ಒಂದೊಂದು ನೌಕೆಗೂ ಲಕ್ಷಾಂತರ ದನಗಳದ್ದು. ಹಾಗಾಗಿ ಕರುಳಿನಲ್ಲಿ ಮಾಂಸ ತುಂಬಿ ಸಾಸೇಜು ಮಾಡಕೂಡದೆಂದು ಅಪ್ಪಣೆಯಾಯಿತು. ಉಳಿದ ಕಟುಕರು ಗೊಣಗಿದರು. ಗೆಬ್‌ಹಾರ್ಡ್ ಮಾತ್ರ ಪೊರೆಯನ್ನು ಕೂಸಿನ ಬಟ್ಟೆಯಂತೆ ಒಗೆದು, ಪೀಪಾಯಿಗೆ ತುಂಬಿ, ತಾನೇ ತಳ್ಳಿಕೊಂಡು ಹೋಗಿ ಒಪ್ಪಿಸುತ್ತಿದ್ದ.

ನೌಕೆ ಹಾರಿದಾಗಲೆಲ್ಲ ಎದುರುಮನೆಯ ವಾಲ್ಬುರ್ಗಾ, "ಗೆಬ್‌ಹಾರ್ಡಣ್ಣ, ನಿನ್ನ ದನ ಮೇಯೋಕೆ ಹೊರಟ್ವು ನೋಡು" ಎಂದು ಕೂಗುವಳು. ಅವನು ರಕ್ತದ ಕೈಯಲ್ಲೇ ಬೀದಿಗೆ ಓಡಿಬಂದು ಟೋಪಿ ಬೀಸುವನು. ಅದೇ ವಾಲ್ಬುರ್ಗಾ ಹಾಸಿಗೆ ಹಿಡಿದ ಅತ್ತೆಗೆಂದು ಗುಟ್ಟಾಗಿ ಒಂದು ಸಾಸೇಜು ಕೇಳಿದಾಗ, ಅಂಗಡಿ ತುಂಬ ಜನರ ಮುಂದೆ ಅವಳ ಮಾನ ತೆಗೆದ. "ನಿಮ್ಮತ್ತೆ ಬಾಯಿಚಪಲಕ್ಕೆ ನಮ್ಮ ಹುಡುಗ್ರು ಆಕಾಶದಿಂದ ಬೀಳ್ಬೇಕಾ?" ಅವನ ತಂಗಿಯ ಮಗ ಫ್ರಿಡೊಲಿನ್ ಅಂಥದೊಂದು ನೌಕೆಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ.

ಆ ನೌಕೆ ಕೆಟ್ಟು ಇಂಗ್ಲೆಂಡಿನ ಹೊಲವೊಂದರಲ್ಲಿ ಇಳಿಯಿತು, ಹುಡುಗ ಸೆರೆಯಾದ. ಯುದ್ಧ ಸೋತು ಮುಗಿದ ಮೇಲೆ ಮನೆಗೆ ಬಂದ. ಗೆಬ್‌ಹಾರ್ಡ್ ಹಿಗ್ಗಿ ಹೀರೇಕಾಯಿಯಾಗಿ ಸಾಸೇಜು ತುಂಬಿ, ನೆರೆಹೊರೆಯನ್ನೆಲ್ಲ ಊಟಕ್ಕೆ ಕರೆದ. ವಾಲ್ಬುರ್ಗಾಳೂ ಬಂದಳು.

"ಎಲ್ಲರ ಮುಂದೆ ಹೇಳೋ. ನಿನ್ನ ಅಷ್ಟೆತ್ತರ ಹೊತ್ತಿದ್ದು ಯಾರ ದನ?"

"ನಿಮ್ದೇ, ಮಾವ." ಫ್ರಿಡೊಲಿನ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಸೆರೆಯಲ್ಲಿದ್ದಾಗ ಒಬ್ಬ ನಮಗೆ ಮಾಂಸ ತಂದುಕೊಡ್ತಿದ್ದ. ಒಂದು ತೋಳಿಲ್ಲ. ಅವನೂ ಕಟುಕನೇ. ಅವನ ಅಂಗಡಿ ಮೇಲೆ ಬಾಂಬು ಬಿದ್ದಿತ್ತು. ಮಹಡೀಲಿ ಹೆಂಡ್ತಿ, ಇಬ್ರು ಮಕ್ಕಳು ಮಲಗಿದ್ರಂತೆ."

"ನಿಮ್ಮ ನೌಕೆದೇ ಬಾಂಬು ಅಂತ ಏನು ಖಾತ್ರಿ?" ಗೆಬ್‌ಹಾರ್ಡನ ದನಿ ಇಳಿದಿತ್ತು.

"ಊರು, ದಿನ ಎರಡೂ ತಾಳೆಯಾಯ್ತು. ನಾನು ಹೇಳ್ಲಿಲ್ಲ ಅವನಿಗೆ. ಮನೇಲಿ ಏನು ಕಸುಬು ಅಂತ ಕೇಳ್ದ. ನಮ್ಮ ಮಾವ ಕಟುಕ ಅಂದೆ. ಅವತ್ತಿಂದ ನನ್ನ ತಟ್ಟೆಗೆ ಒಳ್ಳೇ ತುಂಡು ಹಾಕ್ತಿದ್ದ."

ಟೋಪಿ ಬೀಸಿದ ಒಂದೊಂದು ಸಲವೂ ನೆನಪಾಗಿ ಗೆಬ್‌ಹಾರ್ಡನಿಗೆ ಕಿವಿಯವರೆಗೂ ಉರಿಯಿತು. ವಾಲ್ಬುರ್ಗಾಳಾದರೂ ಕುಟುಕಬಾರದೇ ಎಂದು ಅವಳತ್ತ ನೋಡಿದ. ಅವಳ ಅತ್ತೆ ಆ ಒಂದು ಸಾಸೇಜು ತಿನ್ನದೆಯೇ ತೀರಿಕೊಂಡಿದ್ದಳು. ಅವಳು ಮುಳ್ಳುಚಮಚ ಕೆಳಗಿಟ್ಟಳಷ್ಟೆ. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮುಂದಿನ ಬೇಸಗೆಯಲ್ಲಿ ಪ್ರಯಾಣಿಕರನ್ನು ಹೊತ್ತ ಹೊಸ ನೌಕೆ ಹಾರಿತು. ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. "ಗೆಬ್‌ಹಾರ್ಡಣ್ಣ, ನಿನ್ನ ದನ!" ಎಂದು ಯಾರೋ ಹಳೆಯ ರೂಢಿಯಲ್ಲಿ ಕೂಗಿದರು. ವಾಲ್ಬುರ್ಗಾ ಅವರನ್ನು ಗದರಿ ಅಂಗಡಿಯೊಳಕ್ಕೆ ಹೋದಳು. ಅವನು ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಆಗಲೇ ತೊಳೆದಿದ್ದ ಹಲಗೆಯನ್ನು ಮತ್ತೆ ಉಜ್ಜುತ್ತಿದ್ದ.

"ಹೋಯ್ತಾ?" ಎಂದು ತಿರುಗದೆಯೇ ಕೇಳಿದ.

"ಇನ್ನೂ ನಮ್ಮ ತಲೆ ಮೇಲೇ ಇದೆ."

"ಹೋದ್ಮೇಲೆ ಹೇಳಮ್ಮ" ಎಂದ.