ದ್ಯಾಮವ್ವನ ಮುಂದೆ ಒಪ್ಪಿಸಿದ ಪಾಠ

ಇದು ಆಗುವ ಮಾತಲ್ಲ ಎಂದವರು ನಮ್ಮ ಸೋದರಮಾವ ಫಕ್ಕೀರಪ್ಪ. ಅದೂ ಗುಟ್ಟಾಗಿ ಅಲ್ಲ, ನಮ್ಮೂರು ಹತ್ತಿಮತ್ತೂರಿನ ಬಸ್ ನಿಲ್ದಾಣದಲ್ಲಿ, ಹತ್ತು ಮಂದಿಯ ಮುಂದೆ.

"ಹೊಲದಾಗ ಕಸಾ ತಗಿಯೂ ನೀಲವ್ವನ ಮಗಳು ಡಾಕ್ಟರ್ ಆಗತಾಳಂತ! ಎರಡ ಸಲ ಫೇಲ್ ಆದ್ರೂ ಬುದ್ಧಿ ಬಂದಿಲ್ಲ. ಅಕಿ ಡಾಕ್ಟರ್ ಆದ ದಿನಾ ನಾ ಟ್ರ್ಯಾಕ್ಟರ್ ಬಿಟ್ಟು ವಿಮಾನ ಹೊಡಿತೇನಿ."

ಮಾವ ಕೆಟ್ಟವರಲ್ಲ. ನಮ್ಮವ್ವ ನೀಲವ್ವ ಅವರ ಒಡಹುಟ್ಟಿದ ಅಕ್ಕ; ಅಪ್ಪ ತೀರಿಕೊಂಡ ಮೇಲೆ ನನಗೂ ಅವಳಿಗೂ ಅವರೇ ದಿಕ್ಕು. ಅದಕ್ಕೇ ಆ ಮಾತು ಹೆಚ್ಚು ನಾಟಿತು.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹೊರದೇಶಕ್ಕೆ ಹೋಗಿ ಆರು ವರ್ಷ ವೈದ್ಯಕೀಯ ಓದಿ ಬಂದೆ. ಆದರೆ ಹೊರಗೆ ಓದಿದವರು ಇಲ್ಲಿಯ ಅರ್ಹತಾ ಪರೀಕ್ಷೆ ಪಾಸಾಗದೆ ರೋಗಿಯನ್ನು ನೋಡುವಂತಿಲ್ಲ. ಅಂಗರಚನೆಯಿಂದ ಹಿಡಿದು ಹೆರಿಗೆಯವರೆಗೆ ಹತ್ತೊಂಬತ್ತು ವಿಷಯ, ಮುನ್ನೂರು ಪ್ರಶ್ನೆ. ಅದರಲ್ಲಿ ನೂರೈವತ್ತು ಸರಿಯಾಗಬೇಕು. ಮೊದಲ ಸಲ ನನಗೆ ಬಂದದ್ದು ನೂರಾ ಮೂವತ್ತೊಂಬತ್ತು. ಎರಡನೇ ಸಲ ನೂರಾ ನಲವತ್ನಾಲ್ಕು.

ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಸವಣೂರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಕೇಳಿಕೊಂಡು ಬಂದೆ. ಅವ್ವ ಮಾತ್ರ ಸುಮ್ಮನಾಗಲಿಲ್ಲ. "ದ್ಯಾಮವ್ವನ್ನ ಒಂದ ಮಾತು ಕೇಳೂಣು ಬಾ" ಎಂದಳು.

ನಮ್ಮೂರ ದ್ಯಾಮವ್ವನ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ದೇವಿಯ ಎರಡೂ ಭುಜಕ್ಕೆ ಹೂವಿನ ಎಸಳು ಹಚ್ಚುತ್ತಾರೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಪೂಜಾರಿ ಅಜ್ಜ ಎಸಳು ಹಚ್ಚಿ ನನ್ನ ಪರೀಕ್ಷೆಯ ವಿಷಯ ಕೇಳಿದರು. ಒಂದು ತಾಸು ಕುಳಿತೆವು. ಯಾವ ಎಸಳೂ ಅಲುಗಲಿಲ್ಲ. "ಅವ್ವ ಮಾತಾಡವಲ್ಲಳು" ಎಂದು ಅಜ್ಜ ಎದ್ದುಬಿಟ್ಟರು.

ಬೇಡ ಅಂದಿದ್ದರೂ ನಡೆಯುತ್ತಿತ್ತು. ದೇವರೂ ಮಾತಾಡಿಸದಿದ್ದರೆ ಹೇಗೆ?

ಅವ್ವ ಮಾತ್ರ ಎಲೆ ಅಡಿಕೆ ಹಾಕಿಕೊಳ್ಳುತ್ತ ಅಂದಳು: "ಅಕಿ ಒಲ್ಲೆ ಅಂದಿಲ್ಲಲ? ಕೇಳಾಕ ಕುಂತಾಳ. ಏನ ಓದೀಯೋ ಅಕಿ ಮುಂದ ಹೇಳು. ದಿನಾ ಸಂಜಿಕ ಬಂದು ಹೇಳು. ಮತ್ತ ನಮ್ಮ ಮಾತಿನ್ಯಾಗ ಹೇಳಬೇಕು. ದ್ಯಾಮವ್ವ ನಿನ್ನಂಗ ಇಂಗ್ಲಿಷ್ ಕಲತಿಲ್ಲ."

ಅಟ್ಟದ ಮೇಲಿನ ಚೀಲ ಕೆಳಗಿಳಿಯಿತು. ಮೊದಲ ದಿನ ನಾಚಿಕೆಯಿಂದ ಸಾಯುವಂತಾಯಿತು. ಮಿದುಳಿನಿಂದ ಹೊರಡುವ ಹನ್ನೆರಡು ನರಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಕಂಬಕ್ಕೆ ಒರಗಿ ಕುಳಿತಿದ್ದ ಅವ್ವ ನಡುವೆಯೇ ತಡೆದಳು.

"ಹೆಸರು ಇರ್ಲಿ. ಅದು ಕೆಟ್ರ ಮನಷ್ಯಾನ ಮಾರಿ ಮ್ಯಾಲ ಏನ ಕಾಣತೈತಿ?"

ಮೂರನೆಯ ನರ ಕೆಟ್ಟರೆ ರೆಪ್ಪೆ ಜೋತು ಬೀಳುತ್ತದೆ ಎಂಬುದು ನೆನಪಾಗಲು ಪುಸ್ತಕ ತೆರೆಯಬೇಕಾಯಿತು. ಎರಡು ಸಲ ಯಾಕೆ ಫೇಲಾದೆ ಎಂಬುದು ನನಗೆ ಅಲ್ಲೇ ಗೊತ್ತಾಯಿತು. ಪರೀಕ್ಷೆಯಲ್ಲಿ ಹೆಸರು ಕೇಳುವುದಿಲ್ಲ. ಇಂಥ ಒಬ್ಬ ಮನುಷ್ಯ ಬಂದ, ಹೀಗೆ ಕಾಣುತ್ತಾನೆ, ಏನಾಗಿದೆ ಎಂದು ಕೇಳುತ್ತಾರೆ. ನಾನು ಬರೀ ಹೆಸರು ಬಾಯಿಪಾಠ ಮಾಡಿದ್ದೆ.

ಆಮೇಲೆ ದಿನವೂ ಅದೇ. ಹೊಲದಿಂದ ಬಂದ ಹೆಣ್ಣುಮಕ್ಕಳೂ ಬಂದು ಕುಳಿತುಕೊಳ್ಳತೊಡಗಿದರು. ಪಿತ್ತಕೋಶದ ಪಾಠ ಹೇಳಿದ ದಿನ ಪಕ್ಕದ ಮನೆಯ ಗಂಗವ್ವ, "ಯವ್ವಾ, ನಮ್ಮತ್ತಿಗೆ ಅಂಥಾವು ಎರಡ ಇರಬೇಕು ನೋಡು" ಅಂದಾಗ ಗುಡಿಯೆಲ್ಲ ನಕ್ಕಿತು. ಅವ್ವ ನಗುತ್ತಿರಲಿಲ್ಲ. "ಅದಾದ್ರ ಏನ ಕಾಣತೈತಿ?" ಎಂದು ಕೇಳುತ್ತಲೇ ಇದ್ದಳು.

ದೀಪಾವಳಿ ಮುಗಿದು ಎಂಟು ದಿನವಾಗಿತ್ತು. ಮಾವ ಗೋವಿನಜೋಳದ ರಾಶಿ ಕಾಯಲು ಹೋಗಿ ಕಣದಲ್ಲೇ ಚಾದರ ಹಾಸಿ ಮಲಗಿದ್ದವರು, ಬೆಳಿಗ್ಗೆ ಏಳರ ಸುಮಾರಿಗೆ ತೂರಾಡುತ್ತ ನಮ್ಮ ಕಟ್ಟೆಗೆ ಬಂದು ಕುಸಿದರು. ಅರ್ಧ ಮುಚ್ಚಿದ ಕಣ್ಣು. ತೊದಲು ಮಾತು. "ಹೊಟ್ಟಿ... ಹೊಟ್ಟಿ ನೂಯಾಕತ್ತೈತಿ" ಎಂದರು. ದಾರಿಯಲ್ಲಿ ಹೋಗುವವರು ನಕ್ಕರು. "ಫಕ್ಕೀರಪ್ಪಂದು ಇನ್ನಾ ದೀಪಾವಳಿ ಮುಗದಿಲ್ಲ!"

ನನಗೂ ಸಿಟ್ಟು ಬಂತು. "ಮುಂಜಾನೆದ್ದ ಕುಡದು ಬಂದೀರಲ್ಲ ಮಾವಾ, ನಾಚಿಕಿ ಬರೂದಿಲ್ಲೇನ್ರಿ?" ಎಂದು ಬೈದೆ. ಅವರು ತಲೆ ಎತ್ತಲು ನೋಡಿದರು. ಆಗಲಿಲ್ಲ.

ಅವ್ವ ಬಗ್ಗಿ ಅವರ ಬಾಯಿ ಮೂಸಿದಳು. ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಬಿಟ್ಟಳು. ಅದು ಮತ್ತೆ ಬಿದ್ದುಹೋಯಿತು. ನನ್ನ ಕಡೆ ತಿರುಗಿದಳು.

"ಸುಮಾ, ವಾಸನಿ ಇಲ್ಲ. ರೆಪ್ಪಿ ನಿಲ್ಲವಲ್ಲವು. ಹೊಟ್ಟಿ ನೋವು ಅಂತಾನ. ನೆಲದ ಮ್ಯಾಲ ಮಲಗಿದ್ದ. ಕಟ್ಟುಹಾವು ಕಡದ್ರ ಉರಿಯೂದಿಲ್ಲ, ಗಾಯಾನೂ ಕಾಣೂದಿಲ್ಲ ಅಂತ ನೀನ ಹೇಳಿದ್ದೆಲ್ಲ ದ್ಯಾಮವ್ವಗ?"

ಆರು ವರ್ಷ ಓದಿದವಳು ನಾನು. ಆ ಪಾಠ ಹೇಳಿ ಹದಿನೈದು ದಿನವೂ ಆಗಿರಲಿಲ್ಲ. ಕಣ್ಣೆದುರಿಗೆ ರೋಗಿ ಕುಳಿತಿದ್ದಾಗ ನಾನು ಕುಡುಕ ಎಂದು ಬೈಯುತ್ತಿದ್ದೆ. ಅಕ್ಷರ ಬಾರದ ನನ್ನವ್ವ ಪರೀಕ್ಷೆ ಮಾಡುತ್ತಿದ್ದಳು.

ಹಾವು ಕಡಿದವರನ್ನು ಮೊದಲು ಗುಡಿಗೆ ಒಯ್ಯುವುದು ನಮ್ಮೂರ ರೂಢಿ. ಹಾವು ಎಂದದ್ದೇ ತಡ, ಇಬ್ಬರು ಮಾವನ ರಟ್ಟೆ ಹಿಡಿದು ಆ ಕಡೆ ಎಳೆದರು. ಅವ್ವ ಅಡ್ಡ ನಿಂತಳು. "ದ್ಯಾಮವ್ವ ಹೇಳೂದು ಹೇಳ್ಯಾಳ. ಈಗ ಗಾಡಿ ತರ್ರಿ!"

ಸವಣೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೈಯೆಲ್ಲ ಹುಡುಕಿದರು. ಗಾಯ ಸಿಗಲಿಲ್ಲ. ಆದರೂ ಲಕ್ಷಣ ನೋಡಿ ತಡ ಮಾಡದೆ ಹಾವಿನ ವಿಷದ ಔಷಧಿ ಏರಿಸಿದರು. ಅಷ್ಟರಲ್ಲಿ ಮಾವನ ಉಸಿರು ಸಣ್ಣದಾಗುತ್ತ ಬಂತು. ಗಂಟಲಿಗೆ ನಳಿಕೆ ಇಳಿಸಿ ಹಾವೇರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಸಿಬ್ಬಂದಿ ಹೇಳಿದ ಹಾಗೆ ಉಸಿರಿನ ಚೀಲ ಒತ್ತುತ್ತ ಕುಳಿತೆ. ಒತ್ತುವುದು, ಬಿಡುವುದು. ದಾರಿಯುದ್ದಕ್ಕೂ ನಾನು ಜಪಿಸಿದ್ದು ಒಂದೇ: "ಅವ್ವಾ ದ್ಯಾಮವ್ವಾ, ಪರೀಕ್ಷಾ ಬ್ಯಾಡ, ಈ ಜೀವ ಕೊಡು."

ಮೂರನೆಯ ದಿನ ಉಸಿರಾಟದ ಯಂತ್ರ ತೆಗೆದರು. ಮಾವ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಕೀರಲು ದನಿಯಲ್ಲಿ ಮೊದಲು ಆಡಿದ ಮಾತು ಇದು: "ಸುಮಾ, ನಾ ಕುಡದಿದ್ದಿಲ್ಲವಾ."

ನಾನು ಅವರ ಕಾಲು ಹಿಡಿದು ಅತ್ತೆ.

ಎರಡು ತಿಂಗಳ ನಂತರ ಹುಬ್ಬಳ್ಳಿಯಲ್ಲಿ ಪರೀಕ್ಷೆ ಬರೆದೆ. ಪ್ರತಿ ಪ್ರಶ್ನೆಗೂ ಕಿವಿಯಲ್ಲಿ ಅವ್ವನ ದನಿ: ಏನ ಕಾಣತೈತಿ? ಫಲಿತಾಂಶ ಬಂದಾಗ ಸವಣೂರಿನಿಂದ ಬರುವ ಬಸ್ಸಿನಲ್ಲಿದ್ದೆ. ಪಾಸು ಎಂದಿತ್ತು. ನನ್ನ ನಂಬರ್ ಹೌದೋ ಅಲ್ಲವೋ ಎಂದು ನಾಲ್ಕು ಸಲ ತಾಳೆ ನೋಡಿದೆ. ನಮ್ಮೂರು ಬಂದರೂ ಎದ್ದೇಳಲಿಲ್ಲ. ಕಂಡಕ್ಟರು "ಇಳಿತೀರೋ ಇಲ್ಲೋ?" ಎಂದು ಜೋರು ಮಾಡಿದ ಮೇಲೆ ಎಚ್ಚರವಾಯಿತು.

ದ್ಯಾಮವ್ವ ಆ ದಿನ ಹೂವು ಕೊಟ್ಟಿದ್ದರೆ ನಾನು ಹಳೆಯ ರೀತಿಯಲ್ಲೇ ಓದುತ್ತಿದ್ದೆ. ಕೊಡದೆ ಉಳಿಸಿದಳು. ಕೇಳಿದ್ದು ಕೂಡಲೇ ಸಿಗಲಿಲ್ಲವೆಂದು ಯಾರಾದರೂ ಗುಡಿಯಿಂದ ಅಳುತ್ತ ಹೊರಟಿದ್ದರೆ ಅವರಿಗಾಗಿ ಇದನ್ನು ಬರೆದಿದ್ದೇನೆ. ಅವಳು ಕೇಳಿಸಿಕೊಳ್ಳುತ್ತಾಳೆ. ಇದರಲ್ಲಿ ನನಗೆ ಇನ್ನು ಸಂಶಯವಿಲ್ಲ.

ಒಂದು ವರ್ಷ ಆಸ್ಪತ್ರೆಯ ತರಬೇತಿ ಮುಗಿಸಿ, ಬೆಂಗಳೂರಿನಿಂದ ನೋಂದಣಿ ಪ್ರಮಾಣಪತ್ರ ತಂದವಳು ನೆಟ್ಟಗೆ ಗುಡಿಗೆ ಹೋದೆ. ಅವ್ವ, ಮಾವ ಅಲ್ಲೇ ಕಾಯುತ್ತಿದ್ದರು. ಪೂಜಾರಿ ಅಜ್ಜ ಅದನ್ನು ದೇವಿಯ ಪಾದಕ್ಕೆ ಮುಟ್ಟಿಸಿ, "ಪ್ರಸಾದ ಕೇಳೂಣೇನು?" ಎಂದರು. "ಇನ್ನೇನ ಕೇಳೂದೈತ್ರಿ" ಎಂದಳು ಅವ್ವ.

ಪ್ರಮಾಣಪತ್ರವನ್ನು ಅವ್ವನ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಳು. ಮಾವ ಪಕ್ಕದಲ್ಲಿ ಬಗ್ಗಿ, "ಓದವಾ, ಏನ ಬರದಾರ?" ಎಂದರು. ನನ್ನ ಹೆಸರು ಓದಿದೆ. ಅಪ್ಪನ ಹೆಸರು ಓದಿದೆ. ಪದವಿ, ನಂಬರು, ಎಲ್ಲ ಓದಿದೆ.

"ಅಕ್ಕನ ಹೆಸರು?"

"ಅದು ಇರೂದಿಲ್ಲ ಮಾವಾ."

ಮಾವ ಇನ್ನೊಮ್ಮೆ ಕಾಗದದ ಮೇಲೆ ಕಣ್ಣಾಡಿಸಿ ತಲೆ ಅಲ್ಲಾಡಿಸಿದರು.

"ಹಂಗಾರ ಇದು ಅರ್ಧಾ ಸರ್ಟಿಫಿಕೇಟ್ ಆತು ನೋಡವಾ."