ಎದುರು ಬರುವ ಗಾಡಿಗಳ ಕಡೆ

ಮಂಡಿ ಆಪರೇಷನ್ ಆದ ಮೇಲೆ ಅಮ್ಮ ಹೋಳೂರಿನಲ್ಲಿ ನಮ್ಮ ಜೊತೆ ಇರಲು ಬಂದಳು. ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ಮಾಳಿಗೆಯ ಮೇಲೆ ಗಾಣದೆತ್ತಿನ ಹಾಗೆ ಸುತ್ತಲು ಅವಳು ಒಪ್ಪಲಿಲ್ಲ; ನಾಲ್ಕು ಜನರ ಮುಖ ಕಾಣುವ ರಸ್ತೆಯೇ ಬೇಕಿತ್ತು. ನನಗೆ ಭಯ. ಅವಳ ಕಿವಿ ಮಂದ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೂ ಗೊತ್ತಾಗುತ್ತಿರಲಿಲ್ಲ. ನಮ್ಮ ಶ್ರೀನಿವಾಸಪುರ ರಸ್ತೆಗೋ ಫುಟ್‌ಪಾತ್ ಎಂಬುದೇ ಇಲ್ಲ.

ಹಾಗಾಗಿ ಗಾಡಿಗಳು ಎದುರಿಗೆ ಬರುವ ಹಾಗೆ ರಸ್ತೆಯ ಬಲಗಡೆ ನಡೆಯೋಣ ಎಂದೆ. ಕೇಳಿಸದಿದ್ದರೂ ಕಾಣಿಸುತ್ತದಲ್ಲ. ಯಾವತ್ತೂ ಎಡಗಡೆಯೇ ನಡೆಯಬೇಕು ಎಂದು ಬೈರಕೂರಿನ ಶಾಲೆಯಲ್ಲಿ ಕಲಿತಿದ್ದ ಅಮ್ಮ ಕೆಲವು ದಿನ ಗೊಣಗಿದಳು. ದೂರಕ್ಕೆ ಕಾಣುವಂತೆ ಹಳದಿ ಸೀರೆ ಉಡು ಎಂದಾಗ, ಈ ವಯಸ್ಸಿನಲ್ಲಿ ಮದುವಣಗಿತ್ತಿ ಆಗಬೇಕಾ ಎಂದು ನಕ್ಕಳು. ಆದರೂ ಉಟ್ಟಳು.

ಮಾಗಿಯ ಒಂದು ಬೆಳಿಗ್ಗೆ, ಮಂಜು ಕರಗಿ ಬಿಸಿಲು ಬಂದ ಮೇಲೆಯೇ ಹೊರಟೆವು. ಊರು ದಾಟಿ ಹೊಲಗಳ ಹತ್ತಿರ ಬಂದಾಗ ನನ್ನ ಚಪ್ಪಲಿಯ ಬಾರು ಕಳಚಿತು. ಮಣ್ಣಿನ ಅಂಚಿಗೆ ಸರಿದು ಬಗ್ಗಿದೆ. ಹಿಂದಿನಿಂದ ಬಂದ ಬಸ್ಸೊಂದು ರಸ್ತೆಯ ಆಚೆ ಬದಿಯಲ್ಲಿ ಭರ್ರೆಂದು ಹೋಯಿತು. ಆ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಅಷ್ಟರಲ್ಲಿ ಅಮ್ಮ ನನ್ನ ರಟ್ಟೆ ಹಿಡಿದು ಎಳೆದಳು.

"ಇಟ್ಲ ರಾವೇ, ಪಕ್ಕಕ್ಕೆ ಬಾರೇ."

ಗಾಬರಿಯಾದರೆ ಅಮ್ಮನ ಬಾಯಿಗೆ ಮೊದಲು ಬರುವುದು ತೆಲುಗು. ಇಬ್ಬರೂ ರಾಗಿ ಕೂಳೆಯ ಮೇಲೆ ಉರುಳಿದೆವು. ನಾನು ಬಗ್ಗಿದ್ದ ಜಾಗದ ಮೇಲೆಯೇ ಟೊಮೆಟೊ ತುಂಬಿದ ಟೆಂಪೊವೊಂದು ಹಾದು, ಸ್ವಲ್ಪ ಮುಂದೆ ಮಣ್ಣಿನಲ್ಲಿ ಹೂತು ನಿಂತಿತು. ನಾನು ಮೊದಲು ಅಮ್ಮನ ಮಂಡಿ ಮುಟ್ಟಿ ನೋಡಿದೆ. ಅವಳು ನನ್ನ ತಲೆ ಸವರಿ ನೋಡುತ್ತಿದ್ದಳು. ಒಬ್ಬರಿಗೂ ತರಚು ಗಾಯಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ಡ್ರೈವರ್ ಓಡಿ ಬಂದ. ನಾಯಿ ಅಡ್ಡ ಬಂತು, ತಪ್ಪಿಸಲು ಹೋಗಿ ಗಾಡಿ ಪಕ್ಕಕ್ಕೆ ಎಳೆದೆ ಎಂದ. ನಮಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಬದುವಿನ ಮೇಲೆ ಕುಸಿದು ಕುಳಿತು ಮುಖ ಮುಚ್ಚಿಕೊಂಡ. ಬೈಯಲು ಬಾಯಿ ತೆರೆದಿದ್ದ ನಾನು ಕಳಚಿದ ಚಪ್ಪಲಿ ಹುಡುಕಲು ಹೋದೆ. ಅಮ್ಮ ತನ್ನ ನೀರಿನ ಬಾಟಲಿಯನ್ನು ಅವನ ಕೈಗಿಟ್ಟಳು.

"ನೀನು ಬರೋದು ಕಾಣಿಸ್ತು ಕಣಪ್ಪ, ಅದಕ್ಕೇ ಉಳ್ಕೊಂಡ್ವಿ. ಬೆನ್ನು ಹಾಕ್ಕೊಂಡು ನಡೀತಿದ್ದಿದ್ರೆ ನಂಗೆಲ್ಲಿ ಕೇಳಿಸ್ತಿತ್ತು?"

ಟೆಂಪೊ ಎತ್ತಿದ ಮೇಲೆ ಮನೆಗೆ ಬಿಡುತ್ತೇನೆ ಎಂದು ಅವನು ಬಹಳ ಕೇಳಿಕೊಂಡ. ಅಮ್ಮ ಬೇಡವೆಂದಳು. ಕೈ ಕೈ ಹಿಡಿದು, ರಸ್ತೆ ಬಿಟ್ಟು ಹೊಲದ ಅಂಚಿನಲ್ಲಿ ನಿಧಾನವಾಗಿ ವಾಪಸಾದೆವು. ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುವಾಗ ಇಬ್ಬರಿಗೂ ಸುಮ್ಮಸುಮ್ಮನೆ ನಗು ಬಂತು. ನಗುತ್ತಲೇ ನನ್ನ ಕಣ್ಣು ತುಂಬಿತು. ಅಮ್ಮ ಸೆರಗಿನಿಂದ ಒರೆಸಿ, ಹಸಿವಾಗ್ತಿದೆ, ದೋಸೆ ಹಾಕು ಎಂದಳು. ಹೆಂಚು ಕಾಯುವವರೆಗೂ ಅವಳು ಅಡುಗೆಮನೆಯ ಬಾಗಿಲಲ್ಲಿ ನನ್ನನ್ನೇ ನೋಡುತ್ತ ನಿಂತಿದ್ದಳು.