ಮೂರು ಕುಲಗೆಟ್ಟವು, ಒಂದು ಯಾರದೋ

ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ನನ್ನದು ಚೆಕ್ಕಿಂಗ್ ಕೆಲಸ. ಡಬ್ಬಗಳ ಮೇಲೆ ಒತ್ತಿದ ಸೀಲನ್ನು ನೋಡುವುದು, ಅಷ್ಟೇ. ನೀಟಾಗಿ ಬಿದ್ದಿದ್ದರೆ ಬಲಗಡೆಯ ಟ್ರೇ. ಮಸುಕಾಗಿದ್ದರೆ, ಗೆರೆ ದಾಟಿದ್ದರೆ ಎಡಗಡೆಯ ಟ್ರೇ. ಎಡಗಡೆಗೆ ಹೋದದ್ದೆಲ್ಲ ರಿಜೆಕ್ಟು. ಇಷ್ಟು ವರ್ಷದಿಂದ ಇದನ್ನೇ ಮಾಡುತ್ತಿರುವ ನನ್ನ ಓಟನ್ನು ಯಾರೋ ಎಡಗಡೆಗೆ ಎತ್ತಿಹಾಕಿದರೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಯೋಚಿಸಲು ಕೂತರೆ ತಲೆ ಕೆಟ್ಟು ಕೆರ ಹಿಡಿಯುತ್ತದೆ.

ಎಲ್ಲರೂ ಮಾಸ್ಕು ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಬಂದ ಪಂಚಾಯ್ತಿ ಚುನಾವಣೆ ಅದು. ಹೊಸಕೋಟೆ ತಾಲ್ಲೂಕಿನ ನಮ್ಮ ಊರು ಚಿಕ್ಕದು, ಪಂಚಾಯ್ತಿಯಲ್ಲಿ ನಮಗಿರುವುದು ಒಂದೇ ಸೀಟು. ಆ ಸಲ ಅದು ಮಹಿಳೆಗೆ ಮೀಸಲಾಗಿತ್ತು. ಊರಿನ ಗಂಡಸರು ಅರಳಿಕಟ್ಟೆಯಲ್ಲಿ ಕೂತು, ಮೇಲಿನ ಬೀದಿಯ ದೊಡ್ಡ ಮನೆಯ ಸೊಸೆಯನ್ನು ಅವಿರೋಧವಾಗಿ ಆರಿಸುವುದೆಂದು ತೀರ್ಮಾನ ಮಾಡಿದರು. ಚುನಾವಣೆಯೇ ನಡೆಯದಿದ್ದರೆ ಊರಿಗೆ ಮರ್ಯಾದೆಯಂತೆ. ಆ ಸೊಸೆಯನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ. ಪಾಪ, ಒಳ್ಳೆಯ ಹುಡುಗಿ. ನನಗೆ ಕೋಪ ಬಂದದ್ದು ಕಟ್ಟೆಯ ಮೇಲೆ ಕೂತವರ ಮೇಲೆ.

ಕೋಪ ಬಂದರೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಮುಚ್ಚಿಕೊಳ್ಳದವಳು ನಮ್ಮ ಪಕ್ಕದ ಮನೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ರವಿಕೆ ಹೊಲಿದುಕೊಂಡು ಒಬ್ಬಳೇ ಬದುಕುತ್ತಿರುವವಳು. ಒಂದು ಬೆಳಿಗ್ಗೆ ನಾಮಪತ್ರದ ಕಾಗದ ಹಿಡಿದು ನಮ್ಮ ಮನೆಗೆ ಬಂದಳು. ಅದಕ್ಕೆ ಸೂಚಕರೊಬ್ಬರ ಸಹಿ ಬೇಕಿತ್ತು, ಸೂಚಕರು ಈ ಊರಿನ ಓಟರೇ ಆಗಿರಬೇಕಿತ್ತು. ನಾನು ಪೆನ್ನು ಹಿಡಿದುಕೊಂಡು, ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಯಾಕಕ್ಕ ಈ ಉಸಾಬರಿ ಎಂದು ಕೇಳಿದೆ.

"ಗೆಲ್ಲಕ್ಕೆ ಯಾರು ನಿಂತವ್ರೆ?" ಎಂದಳು. "ನಮ್ಮ ಬೀದಿಗೆ ನೀರು ಬಿಡೋದು ಎಲ್ಲರಿಗಿಂತ ಕೊನೇಲಿ. ಕೇಳಕ್ಕೆ ಹೋದ್ರೆ, ಊರೆಲ್ಲ ಸುಮ್ನಿದೆ, ನಿಂದೊಬ್ಬಳದೇ ತಕರಾರು ಅಂತಾರೆ. ನಾನೊಬ್ಬಳೇನಾ ಅಂತ ಒಂದ್ಸಲ ಎಣಿಸಿ ನೋಡ್ಬೇಕು ಕಣೇ. ಅಷ್ಟೇ ನಂಗೆ ಬೇಕಾಗಿರೋದು."

ನಾನು ಸಹಿ ಹಾಕಿದೆ. ಅಲ್ಲಿಗೆ ನನ್ನ ಓಟು ಯಾರಿಗೆಂದು ಊರಿಗೆಲ್ಲ ಗೊತ್ತಾಯಿತು.

ಅವಿರೋಧ ತಪ್ಪಿಸಿದಳೆಂದು ಅಕ್ಕನ ಮೇಲೆ ಊರಿಗೆ ಊರೇ ಮುನಿಸಿಕೊಂಡಿತು. ಹೊಲಿಗೆ ಯಂತ್ರದ ಗುರುತು ಕೇಳಿದ್ದಕ್ಕೆ ಅವಳಿಗೆ ಕ್ರಿಕೆಟ್ ಬ್ಯಾಟು ಕೊಟ್ಟರು. ಬ್ಯಾಟನ್ನು ಜನ್ಮದಲ್ಲಿ ಮುಟ್ಟದವಳು ಅದರ ಚಿತ್ರ ಹಿಡಿದು ಮನೆ ಮನೆ ತಿರುಗಿದಳು. ನಮ್ಮ ಬೀದಿಯವರು ಎದುರಿಗೆ ಮಾತಾಡದಿದ್ದರೂ, ಹಿತ್ತಲ ಕಡೆಯಿಂದ ಬಂದು ನಮ್ಮ ಓಟು ನಿನಗೇ ಎಂದು ಹೇಳಿ ಹೋದರಂತೆ. ನನ್ನ ಗಂಡ ಮಾತ್ರ, ಎಲ್ಲ ತೀರ್ಮಾನ ಆಗಿರುವ ಕಡೆ ಓಟು ಹಾಕಿ ಯಾಕೆ ದಂಡ ಮಾಡುತ್ತೀಯ, ಗೆಲ್ಲುವವರಿಗಾದರೂ ಹಾಕು ಎಂದು ನನಗೆ ಬುದ್ಧಿ ಹೇಳಿದರು.

ಓಟಿನ ದಿನ ಶಾಲೆಯ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಸುರಿದರು. ಒದ್ದೆ ಕೈಯಲ್ಲೇ ಬ್ಯಾಲೆಟ್ ಪೇಪರ್ ತೆಗೆದುಕೊಂಡು ರಟ್ಟಿನ ಮರೆಗೆ ಹೋದೆ. ಮೇಲೆ ದೊಡ್ಡ ಮನೆಯ ಸೊಸೆ, ಕೆಳಗೆ ಅಕ್ಕನ ಬ್ಯಾಟು, ನಡುವೆ ಒಂದು ಗೆರೆ. ಬ್ಯಾಟಿನ ಪಕ್ಕಕ್ಕೆ ಸೀಲು ಒತ್ತಿದೆ. ಅದು ಮಸುಕಾಗಿ ಬಿತ್ತು. ಮಸುಕು ಸೀಲನ್ನು ಪಾಸು ಮಾಡುವ ಕೈಯಲ್ಲ ಇದು. ಇನ್ನೊಂದು ಸಲ ಗಟ್ಟಿಯಾಗಿ ಒತ್ತಿದೆ. ಆ ಎರಡನೆಯದು ಎಲ್ಲಿ ಬಿತ್ತು? ಬ್ಯಾಟಿನ ಚೌಕದೊಳಗೇ ಬಿತ್ತು ಎಂದು ಒಂದು ದಿನ ಅನ್ನಿಸುತ್ತದೆ. ಗೆರೆ ದಾಟಿತ್ತು, ನೋಡಿಯೂ ನೋಡದವಳಂತೆ ಮಡಚಿಬಿಟ್ಟೆ ಎಂದು ಇನ್ನೊಂದು ದಿನ ಅನ್ನಿಸುತ್ತದೆ. ಹಿಂದಿನಿಂದ ಯಾರೋ ಬೇಗ ಬೇಗ ಎನ್ನುತ್ತಿದ್ದರು. ಡಬ್ಬಕ್ಕೆ ಹಾಕಿ ಬಂದೆ.

ನನ್ನ ಹಿಂದೆಯೇ ಓಟು ಹಾಕಿ ಬಂದ ಅಕ್ಕನ ಮುಖವೂ ಬೆವೆತಿತ್ತು. ಗಾಬರಿಯಲ್ಲಿ ರವಿಕೆ ಬಟ್ಟೆ ಮಡಚಿದ ಹಾಗೆ ಹೇಗೆ ಹೇಗೋ ಮಡಚಿ ಹಾಕಿದೆ ಎಂದು ನಗಾಡಿದಳು. ನಾನೂ ನಕ್ಕೆ. ಎರಡನೆಯ ಸೀಲಿನ ವಿಷಯ ಮಾತ್ರ ಬಾಯಿಬಿಡಲಿಲ್ಲ.

ಎಣಿಕೆಯ ದಿನ ಅವಳ ಏಜೆಂಟಾಗಿ ನಾನು ಹೋಗಬೇಕಿತ್ತು. ರಜೆ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಗಟ್ಟಿಯಾಗಿ ಕೇಳಲೂ ಇಲ್ಲ, ಹೇಗಿದ್ದರೂ ಸೋಲುವುದೇ ಅಲ್ಲವೇ ಎಂದುಕೊಂಡೆ. ಅಕ್ಕ ಒಬ್ಬಳೇ ಹೊಸಕೋಟೆಗೆ ಹೋಗಿ ಸಂಜೆಯ ಬಸ್ಸಿಗೆ ಬಂದಳು. ಸ್ಟಾಪಿನಲ್ಲಿ ನಾನೂ ಕಾರ್ಖಾನೆಯ ಬಸ್ಸಿನಿಂದ ಆಗಷ್ಟೇ ಇಳಿದಿದ್ದೆ. ಎಷ್ಟು ಬಂತಕ್ಕ ಎಂದೆ.

"ಒಂದು," ಎಂದಳು. "ಮೂರು ಕುಲಗೆಟ್ಟವಂತೆ. ಮಿಕ್ಕಿದ್ದೆಲ್ಲ ಅವರಿಗೆ."

ಕುಲಗೆಟ್ಟೋಳೆ ಎಂದು ನಮ್ಮ ಅತ್ತೆ ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಓಟಿನ ಕಾಗದಕ್ಕೂ ಆ ಮಾತನ್ನು ಅನ್ನುತ್ತಾರೆಂದು ಗೊತ್ತಾದದ್ದು ಆವತ್ತೇ. ಗುರುತು ಕೆಟ್ಟದ್ದು, ಯಾರ ಲೆಕ್ಕಕ್ಕೂ ಸೇರದ್ದು. ಅಧಿಕಾರಿ ಆ ಮೂರನ್ನೂ ದೂರದಿಂದಲೇ ಎತ್ತಿ ತೋರಿಸಿ ಪಕ್ಕಕ್ಕೆ ಇಟ್ಟರಂತೆ. ಹತ್ತಿರ ಹೋಗಿ ನೋಡಬೇಕೆಂದು ಅಕ್ಕನಿಗೆ ಹೊಳೆಯಲೇ ಇಲ್ಲವಂತೆ. ಸೀಲು ನೋಡುವುದೇ ಕಸುಬಾದ ನಾನು ಆ ಹೊತ್ತಿಗೆ ಪಿಲ್ಲಗುಂಪೆಯಲ್ಲಿ ಡಬ್ಬ ನೋಡುತ್ತಾ ಕೂತಿದ್ದೆ.

ಮನೆಗೆ ಬಂದು ಯೋಚನೆ ಮಾಡಿದೆ. ಅಕ್ಕ ತನಗೆ ತಾನು ಹಾಕಿಕೊಂಡಿರುತ್ತಾಳೆ. ನಾನು ಹಾಕಿದ್ದೇನೆ. ಬಂದಿರುವುದು ಒಂದು. ಹಾಗಾದರೆ ನಮ್ಮಿಬ್ಬರಲ್ಲಿ ಒಬ್ಬಳದು ಕುಲಗೆಟ್ಟಿದೆ. ನನ್ನದು ಕೆಟ್ಟಿದ್ದರೆ ಅಕ್ಕನನ್ನು ಒಬ್ಬಳನ್ನೇ ಮಾಡಿದವಳು ನಾನು. ಅವಳದು ಕೆಟ್ಟಿದ್ದರೆ ಆ ಒಂದು ನನ್ನದು, ಅವಳು ಒಬ್ಬಳಲ್ಲ. ಆದರೆ ಅದು ಅವಳಿಗೆ ಗೊತ್ತಾಗುವುದು ಹೇಗೆ? ಅವಳ ಪ್ರಕಾರ ಆ ಒಂದು ಅವಳದೇ. ಸೂಚಕಿಯೆಂದು ಸಹಿ ಹಾಕಿದವಳೇ ಒಳಗೆ ಹೋಗಿ ಕೈ ಕೊಟ್ಟಳು ಎಂದಲ್ಲವೇ ಅದರ ಅರ್ಥ? ನನ್ನ ಬೆರಳಿನ ಶಾಯಿ ನಾನು ಓಟು ಹಾಕಿದೆ ಎಂದಷ್ಟೇ ಹೇಳುತ್ತಿತ್ತು, ಯಾರಿಗೆ ಎಂದು ಹೇಳುತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಎಲ್ಲವನ್ನೂ ಹೇಳಿಬಿಡೋಣವೆಂದು ಹೋದೆ. ಅವಳ ಹೊಸಿಲಿನಲ್ಲಿ ಆಗಲೇ ಎದುರು ಮನೆಯವಳು ನಿಂತು, ಆ ಒಂದು ನನ್ನದೇ ಕಣಕ್ಕ ಎಂದು ಆಣೆ ಇಡುತ್ತಿದ್ದಳು. ಅವಳ ಹಿಂದೆ ಕೊನೆ ಮನೆಯ ಅಜ್ಜಿ ಬಂದರು, ಅವರದೂ ಅದೇ ಮಾತು. ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಆ ಒಂದು ಓಟಿಗೆ ಆರೇಳು ಜನ ವಾರಸುದಾರರು ಹುಟ್ಟಿಕೊಂಡಿದ್ದರು. ಕಡೆಗೆ ನನ್ನ ಗಂಡನೂ ಊಟ ಮಾಡುತ್ತಾ, ಅಕ್ಕನಿಗೇ ಹಾಕಿದ್ದು ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಮೇಲೆ, ನಿಜವೂ ಇರಬಹುದಲ್ಲ, ಕುಲಗೆಟ್ಟದ್ದು ಇವರದೇ ಏಕಾಗಿರಬಾರದು ಎಂದು ಅನುಮಾನವೂ ಬಂತು. ಇಷ್ಟು ಜನರ ಸಾಲಿನಲ್ಲಿ ನಿಂತು ನಾನೂ ಅದನ್ನೇ ಹೇಳಿದರೆ ಅಕ್ಕ ಹೇಗೆ ನಂಬುತ್ತಾಳೆ? ಹೇಳದೆ ಉಳಿದೆ. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಎಷ್ಟೋ ತಿಂಗಳ ಮೇಲೆ ರವಿಕೆಯ ಅಳತೆ ಕೊಡಲು ಹೋದಾಗ, ನನ್ನ ಬೆನ್ನ ಮೇಲೆ ಟೇಪು ಹಿಡಿದುಕೊಂಡು ಅವಳೇ ಆ ಮಾತು ತೆಗೆದಳು.

"ಬೀದಿಯವರೆಲ್ಲ ಬಂದು ಆ ಒಂದು ನಂದೇ ಅಂದ್ರು. ನೀನೊಬ್ಬಳು ಏನೂ ಅನ್ನಲಿಲ್ಲ."

ಬೈದಳೋ, ನಿನ್ನನ್ನು ನಂಬುತ್ತೇನೆ ಎಂದಳೋ, ನನಗೆ ತಿಳಿಯಲಿಲ್ಲ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ತಿರುಗಿ ನೋಡೋಣವೆಂದರೆ, ಅಲ್ಲಾಡಬೇಡ, ಅಳತೆ ತಪ್ಪುತ್ತದೆ ಎಂದಳು. ಆ ರವಿಕೆಯನ್ನು ಎಂದಿನಂತೆ ಚೆನ್ನಾಗಿಯೇ ಹೊಲಿದುಕೊಟ್ಟಳು.

ಈಗ ಮತ್ತೆ ಪಂಚಾಯ್ತಿ ಚುನಾವಣೆಯ ಮಾತು ಶುರುವಾಗಿದೆ. ದಿನಾಂಕ ಗೊತ್ತಾಗುವ ಮೊದಲೇ ಅರಳಿಕಟ್ಟೆಯವರು ಯಾರೆಂದು ತೀರ್ಮಾನ ಮಾಡಿ ಎದ್ದಿದ್ದಾರೆ. ನೀರು ನಮ್ಮ ಬೀದಿಗೆ ಈಗಲೂ ಕೊನೆಗೇ ಬರುತ್ತದೆ. ಮೊನ್ನೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದಾಗ ಅಕ್ಕ, ಈ ಸಲವೂ ಸಹಿ ಹಾಕುತ್ತೀಯಾ ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಒದ್ದೆ ಕೈ, ಮಸುಕು ಸೀಲು, ಎರಡನೆಯ ಒತ್ತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಒಂದು ನನ್ನದೋ ಅಲ್ಲವೋ ನನಗೇ ಗೊತ್ತಿಲ್ಲ ಅಕ್ಕ ಎಂದೆ.

ಅವಳು ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಸಿದಳು.

"ನಂದೂ ಮಡಚೋವಾಗ ಶಾಯಿ ಆ ಕಡೆಗೂ ಮೆತ್ಕೊಂಡಿತ್ತು ಕಣೇ," ಎಂದಳು. "ಆ ಒಂದು ನಿಂದೇ ಇರ್ತದೆ ಅಂದ್ಕೊಂಡು ಎಣಿಸೋ ಕಡೆ ಸುಮ್ನೆ ನಿಂತಿದ್ದೆ. ಈ ಸಲ ಎರಡು ಬರ್ಬೇಕು."

ಎಣಿಕೆಯ ದಿನಕ್ಕೆಂದು ಸೂಪರ್‌ವೈಸರನ್ನು ಈಗಲೇ ರಜೆ ಕೇಳಿದ್ದೇನೆ. ಯಾವ ದಿನ ಎಂದರು. ಗೊತ್ತಿಲ್ಲ ಸರ್, ಆದರೆ ಬೇಕೇ ಬೇಕು ಎಂದೆ. ಅವರು ನಕ್ಕರು. ನಾನು ಬಂದು ಟ್ರೇ ಮುಂದೆ ಕೂತು, ಒಂದೇ ಸಲ ಒತ್ತಬೇಕು, ಮಸುಕಾದರೂ ಕೈ ತಡೆಯಬೇಕು, ಒಣಗುವ ತನಕ ಊದಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.